350 ರೂಪಾಯಿಯ ಉಳಿ ಮತ್ತು ನನ್ನ ಬಿಪಿ

ನಿನ್ನೆ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದು ಅರ್ಧ ಕೆಜಿ ಮೊಳೆ ತರಲಿಕ್ಕೆ. ಮೊಳೆ ತಂದಿಲ್ಲ. ಬಿಪಿ ಏರಿಸಿಕೊಂಡು ಬಂದೆ.

ಅಂಗಡಿಯಲ್ಲಿ ನನಗಿಂತ ಮುಂಚೆ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತೈದು ವರ್ಷ ಇರಬಹುದು. ಕೈಯಲ್ಲಿ ನಾಲ್ಕು ಉಳಿಯ ಪ್ಯಾಕೆಟ್ಟು. ಎರಡು ವಾರದ ಹಿಂದೆ ಅಲ್ಲೇ 350 ರೂಪಾಯಿ ಕೊಟ್ಟು ತಗೊಂಡಿದ್ದಂತೆ. "ಅಣ್ಣಾ, ಇದು ಡೂಪ್ಲಿಕೇಟ್ ಮಾಲು. ಬಾಳೆದಿಂಡನ್ನೂ ಕೊಯ್ಯಲ್ಲ. ವಾಪಸ್ ತಗೊಳ್ಳಿ" ಅಂದ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದು ಅವರ ವ್ಯಾಪಾರ, ಇರಲಿ. ಆದ್ರೆ ಎಂತ ಮಾಡಿದ್ರು ಗೊತ್ತಾ? ಒಳಗಿಂದ 2,900 ರೂಪಾಯಿಯ ಸೆಟ್ ತಂದು ಎದುರಿಗಿಟ್ಟರು. ಮರದ ಪೆಟ್ಟಿಗೆ, ಒಳಗೆ ಕೆಂಪು ಮಖಮಲ್ಲು. "ಚೀಪ್ ಐಟಂ ತಗೋಬೇಡಿ ಅಂತ ಆವತ್ತೇ ಹೇಳಿದ್ನಲ್ಲ ಸಾರ್!"

ನಾನು ಆ ಮಖಮಲ್ಲಿನ ಉಳಿಯ ಬಾಯಿಗೆ ಹೆಬ್ಬೆರಳು ಸವರಿ ನೋಡಿದೆ. ಅದಕ್ಕೂ ಹರಿತ ಇಲ್ಲ ಮಾರಾಯ್ರೆ! ಬೆಣ್ಣೆ ಹಚ್ಚೋ ಚಾಕು ಇದ್ದ ಹಾಗಿತ್ತು.

ನನ್ನ ಕೊಟ್ಟಿಗೆ ಪುರಾಣ ನಿಮಗೆಲ್ಲ ಗೊತ್ತೇ ಇದೆ. ದನ ಹೋಗಿ ಆರು ವರ್ಷ ಆಯ್ತು, ಅಲ್ಲಿ ಈಗ ನನ್ನ ಮರಗೆಲಸ, ಮರದ ಪುಡಿ ಮತ್ತು ನಾನು. ಈ ಆರು ವರ್ಷದಲ್ಲಿ ಫೋನ್ ಮಾಡಿ "ಯಾವ ಬ್ರ್ಯಾಂಡಿನ ಉಳಿ ತಗೊಳ್ಳಲಿ?" ಅಂತ ಕೇಳಿದವರು ಕಮ್ಮಿ ಅಂದ್ರೂ ಮೂವತ್ತು ಜನ. "ಹೇಗೆ ಮಸೆಯೋದು?" ಅಂತ ಕೇಳಿದವರು ಸೊನ್ನೆ. ಸೊನ್ನೆ!

ನಮ್ಮ ಊರಲ್ಲಿ ಅಡಿಕೆ ಸುಲಿಯೋ ಹೆಂಗಸರನ್ನು ನೋಡಿ. ಮೆಟ್ಟುಗತ್ತಿ ಮುಂದೆ ಕೂರೋ ಮುಂಚೆ ಅರ ತಗೊಂಡು ನಾಲ್ಕು ಸಲ ಎಳೆದೇ ಕೂರೋದು. ಮಧ್ಯಾಹ್ನ ಇನ್ನೊಂದು ಸಲ. "ನನ್ನ ಕತ್ತಿ ಲೋಕಲ್ಲು, ಒಳ್ಳೆ ಕಂಪನಿದು ಬೇಕಿತ್ತು" ಅಂತ ಯಾರಾದ್ರೂ ಗೊಣಗಿದ್ದು ಕೇಳಿದ್ದೀರಾ? ಅದು ಊರಿನ ಕುಲುಮೆಯ ಕತ್ತಿ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದೂ ಇರಬಹುದು. ಕೊಯ್ಯಲಿಲ್ಲ ಅಂದ್ರೆ ಮಸೆಯಬೇಕು, ಅಷ್ಟೆ. ಅದೇ ಮನೆಯ ಮಗ ಓದಿ, ಕೆಲಸ ಹಿಡಿದು, ಶೋಕಿಗೆ ಮರಗೆಲಸ ಶುರು ಮಾಡಿದ ಅಂದ್ರೆ ಉಳಿಗೆ ಬೈತಾನೆ.

ಹೊಸ ಉಳಿ ಅಂದ್ರೆ ಅರ್ಧ ಮಾಡಿದ ಉಳಿ. ಇದನ್ನು ಪ್ಯಾಕೆಟ್ಟಿನ ಮೇಲೆ ಯಾರೂ ಬರೆಯಲ್ಲ. ಕಾರ್ಖಾನೆಯವರು ಆಕಾರ ಕೊಟ್ಟು, ಸುಮಾರು 25 ಡಿಗ್ರಿ ಇಳಿಜಾರು ಉಜ್ಜಿ ಕಳಿಸುತ್ತಾರೆ. ಹಿಂಬದಿ ನೋಡಿದ್ರೆ ಸಮ ಇದ್ದ ಹಾಗೆ ಕಾಣುತ್ತೆ. ಬೆಳಕಿಗೆ ಹಿಡಿದ್ರೆ ಗೆರೆಗೆರೆ, ಉಳುಮೆ ಮಾಡಿದ ಗದ್ದೆ ಥರ. ಎರಡು ಮೈ ಸೇರೋ ಜಾಗದಲ್ಲಿ ಹರಿತ ಹುಟ್ಟಬೇಕು. ಒಂದು ಮೈ ಗದ್ದೆಯಾದ್ರೆ ಹರಿತ ಎಲ್ಲಿಂದ ಬರಬೇಕು?

ಇದಕ್ಕೆ ಬೇಕಾಗಿದ್ದು ದೊಡ್ಡ ಸಾಮಾನಲ್ಲ. ಗಾಜಿನ ಅಂಗಡಿಯಲ್ಲಿ ದಪ್ಪ ಗಾಜಿನ ಕಟಿಂಗ್ ಪೀಸ್ ಕೇಳಿ. ನನಗಂತೂ ಸುಮ್ನೆ ಕೊಟ್ಟರು. ಅದರ ಮೇಲೆ ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋ ಸ್ಯಾಂಡ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ. 400, 1000, 2000 ನಂಬರಿನವು ಒಂದೊಂದು ಸಾಕು. ಮೊದಲು ಹಿಂಬದಿ. ಇಡೀ ಉಳಿ ಬೇಡ, ತುದಿಯ ಒಂದಿಂಚು ಮಾತ್ರ. ಗೆರೆ ಮಾಯವಾಗಿ ನಿಮ್ಮ ಹುಬ್ಬು ಅದರಲ್ಲಿ ಕಾಣೋವರೆಗೆ. ಆಮೇಲೆ ಇಳಿಜಾರಿಗೆ ಮಾರ್ಕರ್ ಪೆನ್ನಲ್ಲಿ ಮಸಿ ಬಳಿಯಿರಿ. ಎರಡು ಸಲ ಎಳೆದು ನೋಡಿ. ಎಲ್ಲಿ ಮಸಿ ಹೋಗಿದೆಯೋ ಅಲ್ಲಿ ಮಾತ್ರ ಉಜ್ಜುತ್ತಿದೆ ಅಂತ ಲೆಕ್ಕ. ಕೈಯ ಸುಳ್ಳು ಅಲ್ಲಿ ಗೊತ್ತಾಗುತ್ತೆ. ಉಜ್ಜುತ್ತಾ ಹೋದ ಹಾಗೆ ಹಿಂಬದಿಯಲ್ಲಿ ಕೂದಲೆಳೆಯಷ್ಟು ಸಿಬಿರು ಏಳುತ್ತೆ, ಬೆರಳನ್ನು ಹೊರಗಡೆಗೆ ಸವರಿದ್ರೆ ತಡೆಯುತ್ತೆ. ಅದು ಬಂದಿಲ್ಲ ಅಂದ್ರೆ ಮುಂದಿನ ಪೇಪರಿಗೆ ಹೋಗಬೇಡಿ. ಕೊನೆಗೆ ಹಿಡಿಯನ್ನು ಒಂಚೂರು ಎತ್ತಿ, 30 ಡಿಗ್ರಿ ಅಂದಾಜಿಗೆ, ತುದಿಗೆ ಮಾತ್ರ ಐದಾರು ಸಲ. ಹಳೇ ಚರ್ಮದ ಬೆಲ್ಟಿನ ಮೇಲೆ ಎಳೆದು ಸಿಬಿರು ತೆಗೆದರೆ ಮುಗೀತು.

ಮೊದಲ ಸಲ ಒಂದು ಗಂಟೆ ಹಿಡಿಯುತ್ತೆ. ಆಮೇಲೆ ಐದು ನಿಮಿಷದ ಕೆಲಸ. ನನ್ನ ಎಡಗೈಯಲ್ಲಿ ಈಗ ಕೂದಲಿಲ್ಲ. ಹರಿತ ನೋಡಲಿಕ್ಕೆ ಬೋಳಿಸಿ ಬೋಳಿಸಿ ಹಾಗಾಗಿದೆ. ಮಗಳು "ಅಪ್ಪ ಒಂದೇ ಕೈಗೆ ಪಾರ್ಲರಿಗೆ ಹೋಗ್ತಾರೆ" ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗುತ್ತಾಳೆ.

ಈಗ ಕಮೆಂಟಿಗೆ ಬರೋರು ಯಾರು ಅಂತ ಗೊತ್ತು ನಂಗೆ. "ಹಾಗಾದ್ರೆ ದುಬಾರಿ ಉಳಿ ಸುಳ್ಳಾ? ಉಕ್ಕಿನಲ್ಲಿ ವ್ಯತ್ಯಾಸ ಇಲ್ವಾ?" ಇದೆ ಸ್ವಾಮಿ. ಒಳ್ಳೆ ಉಕ್ಕು ಹರಿತವನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತೆ. ನನ್ನ ಅಗ್ಗದ ಉಳಿಯನ್ನು ಒಣಗಿದ ಮತ್ತಿ ಮರಕ್ಕೆ ಹಾಕಿದ್ರೆ ಅರ್ಧ ಗಂಟೆಗೆ ಮತ್ತೆ ಗಾಜಿನ ಮುಂದೆ ಕೂರಬೇಕು. ಒಪ್ಪಿದೆ. ಆದ್ರೆ ಇಲ್ಲದ ಹರಿತವನ್ನು ಹಿಡಿದುಕೊಳ್ಳೋದು ಹೇಗೆ? ಮಸೆಯಲು ಬಾರದವನ ಕೈಯಲ್ಲಿ 2,900ರ ಉಳಿ ಒಂದು ತಿಂಗಳು ಲೇಟಾಗಿ ಮೊಂಡಾಗುತ್ತೆ, ಅಷ್ಟೇ ಲಾಭ.

ಇಷ್ಟು ಮಾತಾಡೋ ನಾನೇನು ಹುಟ್ಟಿನಿಂದ ಜ್ಞಾನಿ ಅಲ್ಲ. ಶುರುವಿನಲ್ಲಿ ನಮ್ಮ ಮನೆಯ ಬಾಗಿಲು ರಿಪೇರಿಗೆ ಬಂದಿದ್ದ ಆಚಾರ್ರ ಹತ್ರ ಒಂದು ಉಳಿ ನೋಡಿ ಮರುಳಾಗಿದ್ದೆ. ಹಳೇ ಅರವನ್ನು ಕುಲುಮೆಯಲ್ಲಿ ಬಡಿಸಿ ಮಾಡಿಸಿದ್ದು. ಹಿಡಿಗೆ ಒಂದು ತುಂಡು ಸೈಕಲ್ ಟ್ಯೂಬ್ ಸುತ್ತಿದ್ದರು. ಹಲಸಿನ ಹಲಗೆಯ ತುದಿಯನ್ನು ಅಡ್ಡಕ್ಕೆ ಸವರಿದ್ರೆ ಹಪ್ಪಳದ ಥರ ಸಿಪ್ಪೆ ಏಳೋದು. "ಹಳೇ ಕಾಲದ ಉಕ್ಕು ಆಚಾರ್ರೆ, ಈಗ ಇಂಥದ್ದು ಎಲ್ಲಿ ಸಿಗುತ್ತೆ" ಅಂದೆ. ಸಾವಿರ ರೂಪಾಯಿ ಕೊಡ್ತೀನಿ ಅಂತಲೂ ಅಂದೆ. ಅವರು ನಕ್ಕು "ದುಡ್ಡು ಬೇಡ, ಒಂದು ವಾರ ಇಟ್ಕೊಳ್ಳಿ ಭಟ್ರೆ" ಅಂತ ಕೊಟ್ಟು ಹೋದರು. ಮೂರನೇ ದಿನಕ್ಕೆ ಅದು ನನ್ನ ಉಳಿಯಷ್ಟೇ ಮೊಂಡು. ಮುಂದಿನ ವಾರ ಬಂದವರು ಬಾಯನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ. ಸಾಣೆಕಲ್ಲಿಗೆ ನೀರು ಹನಿಸಿ ಕೂತರು. ಬೈದಿದ್ರೆ ವಾಸಿ ಇತ್ತು.

ಇನ್ನೂ ಒಂದು ತಪ್ಪೊಪ್ಪಿಗೆ ಇದೆ. 2020ರ ಲಾಕ್‌ಡೌನಲ್ಲಿ, ಮನೆಯವಳಿಗೆ 6,000 ಅಂತ ಹೇಳಿ 16,500ರ ಮೆಷಿನ್ ತರಿಸಿದ್ದೆ. ಕೊಯ್ಯುತ್ತೆ, ಕೊರೆಯುತ್ತೆ, ಹತ್ತರಿ ಹೊಡೆಯುತ್ತೆ, ಎಲ್ಲ ಒಂದರಲ್ಲೇ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇದ್ರೆ ತಾನೇ? ಆಗುಂಬೆ ಇರೋ ತಾಲ್ಲೂಕು ನಮ್ಮದು. ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ಕೂತಿತು. ಈಗ ಅದರ ಮೇಲೆ ಕೋಳಿ ಮೊಟ್ಟೆ ಇಡುತ್ತೆ. ಬೆಲೆಯ ವಿಷಯ ಮನೆಯವಳಿಗೆ ಈ ಪೋಸ್ಟ್ ಮೂಲಕವೇ ಗೊತ್ತಾಗಲಿ, ಎದುರಿಗೆ ಹೇಳೋ ಧೈರ್ಯ ಇಲ್ಲ.

ಎಲ್ಲ ಅಗ್ಗದ ಸಾಮಾನೂ ಚಿನ್ನ ಅಂತ ನಾನು ಹೇಳ್ತಿಲ್ಲ. ಮೂಲೆ 90 ಡಿಗ್ರಿ ಇದೆಯಾ ಅಂತ ನೋಡೋ ಮೂಲೆಮಟ್ಟ ತಗೊಳ್ಳುವಾಗ ಅಂಗಡಿಯಲ್ಲೇ ಜಗಳಕ್ಕೆ ತಯಾರಾಗಿ ಹೋಗಿ. ಅಂಚು ನೇರ ಇರೋ ಒಂದು ಪ್ಲೈವುಡ್ ತುಂಡು, ಚೂಪು ಪೆನ್ಸಿಲ್ ಜೇಬಲ್ಲಿರಲಿ. ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಜಾಗದಲ್ಲಿ ಇನ್ನೊಂದು. ಎರಡೂ ಗೆರೆ ಒಂದಾದ್ರೆ ತಗೊಳ್ಳಿ. ತುದಿಯಲ್ಲಿ ಬೇರೆಯಾದ್ರೆ ಆ ಮಟ್ಟದ ಸೊಟ್ಟ ಅಲ್ಲಿ ಎರಡರಷ್ಟಾಗಿ ಕಾಣುತ್ತಿದೆ ಅಂತ ಅರ್ಥ. ನಾನು ನೋಡಿದ ನಾಲ್ಕರಲ್ಲಿ ಮೂರು ಫೇಲು. ಉಳಿ ಮೊಂಡಾದ್ರೆ ಮಸೆಯಬಹುದು, ಸುಳ್ಳು ಹೇಳೋ ಮಟ್ಟವನ್ನು ಎಂತ ಮಾಡ್ತೀರಿ?

ಗರಗಸದಲ್ಲಿ ನನ್ನ ವಾದವೇ ಉಲ್ಟಾ. ಹಲ್ಲಿನ ತುದಿ ಕಪ್ಪು-ನೀಲಿ ಬಣ್ಣಕ್ಕಿರೋ ಅಗ್ಗದ ಗರಗಸ ಬರುತ್ತಲ್ಲ, ಅದನ್ನು ಮಸೆಯಲಿಕ್ಕೇ ಆಗಲ್ಲ. ಹಲ್ಲು ಅಷ್ಟು ಗಟ್ಟಿ, ಅರ ಜಾರುತ್ತೆ. ಆದ್ರೆ ಹೊಸದರಲ್ಲೇ ಚೆನ್ನಾಗಿ ಕೊಯ್ಯುತ್ತೆ, ತುಂಬ ದಿನ ಬರುತ್ತೆ. ಮೊಂಡಾದ ದಿನ ಗುಜರಿಗೆ. ಹೊಸಬರಿಗೆ ಇದಕ್ಕಿಂತ ಬೇರೆ ಬೇಡ.

ದುಡ್ಡು ಉಳಿಸ್ತೀನಿ ಅಂತ ಕಬ್ಬಿಣ ಉಜ್ಜೋ ನಾಲ್ಕಿಂಚಿನ ಗ್ರೈಂಡರಿಗೆ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕೋ ವಿಡಿಯೋ ಕಳಿಸೋರಿಗೆ ಒಂದು ಮಾತು. ಅದು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತೆ. ಹಲ್ಲು ಮರಕ್ಕೆ ಕಚ್ಚಿಕೊಂಡ್ರೆ ಇಡೀ ಮೆಷಿನ್ ನಿಮ್ಮ ಕಡೆಗೇ ಎಗರುತ್ತೆ. ಅದರ ಜೊತೆ ಕಾವಲು ತಗಡೂ ಬಿಚ್ಚಿಟ್ಟಿರುತ್ತಾರೆ, ಅಡ್ಡ ಬರುತ್ತಂತೆ! ದಯವಿಟ್ಟು ನನಗೆ ಕಳಿಸಬೇಡಿ, ಬ್ಲಾಕ್ ಮಾಡ್ತೀನಿ. ನನ್ನ ಎಡ ಹೆಬ್ಬೆರಳಿನ ನಾಲ್ಕು ಹೊಲಿಗೆ ಬರೀ ಮೊಂಡು ಉಳಿಯಿಂದ ಆಗಿದ್ದು. ಕೊಯ್ಯಲ್ಲ ಅಂತ ಜೋರಾಗಿ ಒತ್ತಿದೆ, ಜಾರಿತು. ಮೊಂಡು ಉಳಿಯೇ ಹಾಗೆ ಮಾಡಿದ್ರೆ ಗ್ರೈಂಡರ್ ಬಿಡುತ್ತಾ?

ಅಂಗಡಿಗೆ ವಾಪಸ್ ಬರ್ತೀನಿ. ಹುಡುಗನ ಕೈಯಿಂದ ಉಳಿ ತಗೊಂಡು ಲೈಟಿಗೆ ಹಿಡಿದೆ. ಮುಕ್ಕಾಲು ಇಂಚಿಂದು. ತುದಿ ನೀಲಿ! ನವಿಲುಗರಿ ಥರ ನೀಲಿ. "ಎಂತ ಮಾಡಿದ್ಯಾ ಇದಕ್ಕೆ?" ಅಂತ ಕೇಳಿದೆ. ವೆಲ್ಡಿಂಗ್ ಶಾಪಲ್ಲಿ ಸಾಣೆ ಚಕ್ರಕ್ಕೆ ಹಿಡಿಸಿದನಂತೆ. ಕಿಡಿ ಹಾರಿತಂತೆ, ಚೂಪಾಯ್ತಂತೆ, ಆಮೇಲೆ ಎರಡೇ ಪೆಟ್ಟಿಗೆ ಮಡಚಿಕೊಂಡಿತಂತೆ. ಆಗದೆ ಇನ್ನೇನು? ಕಾವು 300 ಡಿಗ್ರಿ ಹತ್ತಿರ ಹೋದ್ರೆ ಉಕ್ಕು ನೀಲಿಗಟ್ಟುತ್ತೆ, ಗಟ್ಟಿಯಾಗಲಿ ಅಂತ ಕೊಟ್ಟಿದ್ದ ಹದ ಅಲ್ಲಿಗೆ ಮುಗೀತು. ಪಕ್ಕದಲ್ಲೊಂದು ಚೊಂಬು ನೀರಿಟ್ಟು, ಎರಡೆರಡು ಸೆಕೆಂಡಿಗೆ ಅದ್ದುತ್ತಾ ಹಿಡಿದಿದ್ರೆ ಏನೂ ಆಗ್ತಿರಲಿಲ್ಲ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆ ಸ್ವಾಮಿ ನಮ್ಮದು, ಒಂದು ಚೊಂಬು ನೀರು ಇಡಲಿಕ್ಕೆ ಗೊತ್ತಾಗಲ್ವಾ?

ಹುಡುಗ ಪಾಪ, ಮುಖ ಸಣ್ಣಗೆ ಮಾಡಿಕೊಂಡ. ನಾನು ದನಿ ಏರಿಸಿದ್ದೆ ಅನ್ಸುತ್ತೆ. "ಟಿವಿ ಸ್ಟ್ಯಾಂಡ್ ಮಾಡ್ತಾ ಇದ್ದೆ ಸಾರ್, ಅಮ್ಮನಿಗೆ" ಅಂದ. ನನಗೆ ನಾಚಿಕೆಯಾಯ್ತು. "ಇಲ್ಲಿ ಕೊಡು, ಸರಿ ಮಾಡಿ ಕೊಡ್ತೀನಿ" ಅಂತ ಆ ಉಳಿಯನ್ನು ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ತೀರ್ಥಹಳ್ಳಿ ಬಸ್ಸಿಗೆ ಟೈಮಾಯ್ತು, ಓಡಿದೆ.

ರಾತ್ರಿ ನೀಲಿ ಭಾಗವನ್ನೆಲ್ಲ ನೀರಲ್ಲಿ ಅದ್ದಿ ಅದ್ದಿ ಉಜ್ಜಿ ತೆಗೆದೆ. ಎರಡು ಮಿಲಿಮೀಟರ್ ಹೋಯ್ತು. ಆಮೇಲೆ ಗಾಜು, ಮೂರು ಪೇಪರು, ಬೆಲ್ಟು. ಹಲಸಿನ ತುಂಡಿನ ತುದಿಗೆ ಇಟ್ಟು ತಳ್ಳಿದೆ. ಹಪ್ಪಳ! ಮನೆಯವಳನ್ನು ಎಬ್ಬಿಸಿ ತೋರಿಸಿದೆ. ಹನ್ನೊಂದೂವರೆಗೆ ಎಬ್ಬಿಸಬಾರದಿತ್ತು.

ಒಂದೇ ತೊಂದರೆ. ಆ ಹುಡುಗನ ನಂಬರ್ ತಗೊಂಡಿಲ್ಲ, ಹೆಸರೂ ಕೇಳಿಲ್ಲ. ಗೋಪಾಳದ ಕಡೆ ಮನೆ ಅಂದಿದ್ದ ನೆನಪು. ನಿಮ್ಮ ಪೈಕಿ ಯಾರಾದ್ರೂ ಅಮ್ಮನಿಗೆ ಟಿವಿ ಸ್ಟ್ಯಾಂಡ್ ಮಾಡ್ತಿದ್ದು, ಒಬ್ಬ ಮುದುಕ ಗಾಂಧಿ ಬಜಾರಲ್ಲಿ ಬೈದು ಉಳಿ ಎತ್ಕೊಂಡು ಹೋದ ಅಂತ ಹೇಳ್ತಿದ್ರೆ, ಆ ಮುದುಕ ನಾನೇ ಅಂತ ತಿಳಿಸಿ. ಬರೋ ಭಾನುವಾರ ಮನೆಯಲ್ಲೇ ಇರ್ತೀನಿ. ಉಳಿದ ಮೂರು ಉಳಿಯನ್ನೂ ತರಲಿ. ಹಾಗೇ ಬರುವಾಗ ಅರ್ಧ ಕೆಜಿ ಮೊಳೆ, ಒಂದೂವರೆ ಇಂಚಿಂದು.