‘ಪರವಾಗಿಲ್ಲ’ ಅಂದಿದ್ದೇ ತಪ್ಪಾಯ್ತು

ಮೊನ್ನೆ ಶುಕ್ರವಾರ ಗಾಂಧಿನಗರದ ಒಂದು ಥಿಯೇಟರ್‌ನಲ್ಲಿ ಹೊಸ ಕನ್ನಡ ಸಿನಿಮಾ ನೋಡಿ ಹೊರಗೆ ಬರುತ್ತಿದ್ದೆ. ಮೊದಲ ಆಟ. ಕತ್ತಲಿಗೆ ಒಗ್ಗಿದ್ದ ಕಣ್ಣು ಬಿಸಿಲಿಗೆ ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಕೈ ಜೇಬಿನಲ್ಲಿ ಸ್ಕೂಟರ್ ಪಾರ್ಕಿಂಗ್ ಚೀಟಿ ಹುಡುಕುತ್ತಿತ್ತು. ಅಷ್ಟರಲ್ಲಿ ಮೂಗಿನ ಕೆಳಗೆ ಐದು ಮೈಕು ಬಂದು ನಿಂತವು.

“ಸರ್, ಹೇಗಿದೆ ಸರ್ ಮೂವಿ?”

ನಾನು ಒಂದು ಕ್ಷಣ ಯೋಚಿಸಿ ನಿಜವನ್ನೇ ಹೇಳಿದೆ. “ಪರವಾಗಿಲ್ಲ.”

ಮುಂದಿದ್ದ ಹುಡುಗ ಕಾದ. ಇನ್ನೂ ಏನೋ ಬರುತ್ತದೆ ಅಂದುಕೊಂಡಿದ್ದ ಪಾಪ. ಬರಲಿಲ್ಲ. “ಅಂದ್ರೆ? ಬೆಂಕಿನಾ ಸರ್, ತೋಪಾ?”

“ಎರಡೂ ಅಲ್ಲಪ್ಪ. ಪರವಾಗಿಲ್ಲ.”

“ಸರ್, ಸ್ವಲ್ಪ ಜೋಶಾಗಿ ಹೇಳಿ ಸರ್. ಇದನ್ನ ಹಾಕಿದ್ರೆ ಯಾರು ನೋಡ್ತಾರೆ?”

ನನಗೆ ನಿಜಕ್ಕೂ ಬೇಜಾರಾಯಿತು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಪದ ಇನ್ನೊಂದಿಲ್ಲ. ನಮ್ಮಜ್ಜಿ ಬೇರೆಯವರ ಮನೆ ಮದುವೆ ಊಟದಿಂದ ಬಂದು “ಸಾರು ಪರವಾಗಿಲ್ಲ” ಅಂದರೆ ಉಪ್ಪು ಜಾಸ್ತಿ ಅಂತ ಅರ್ಥ. “ಪರ್ವಾಗಿಲ್ವೇ!” ಅಂದರೆ ಅಡುಗೆಯವರ ವಿಳಾಸ ಕೇಳಿಕೊಂಡು ಬಂದಿದ್ದಾಳೆ ಅಂತ. ಬರೀ “ಹ್ಞೂಂ, ಪರವಾಗಿಲ್ಲ” ಅಂತ ಎಳೆದರೆ ಮನೆಗೆ ಬಂದು ಮತ್ತೆ ಊಟ ಮಾಡುತ್ತಾಳೆ. ಯಾರೋ ಕಾಲು ತುಳಿದರೂ ಅದೇ ಮಾತು, ಹುಡುಗಿ ನೋಡಿ ಬಂದ ಮೇಲೂ ಅದೇ ಮಾತು. ಐದು ನಕ್ಷತ್ರ ಬೇಕಿಲ್ಲ, ಒಂದು ಹುಬ್ಬು ಸಾಕು. ಇಂಥ ಪದಕ್ಕೆ ಗಾಂಧಿನಗರದಲ್ಲೇ ಜಾಗ ಇಲ್ಲ ಅಂದರೆ ಹೇಗೆ?

ಐದೂ ಮೈಕುಗಳು ನನ್ನನ್ನು ಬಿಟ್ಟು ಪಕ್ಕದ ಹುಡುಗನ ಕಡೆ ತಿರುಗಿದವು. ಅವನ ಟೀ ಶರ್ಟ್ ಮೇಲೆ ನಾಯಕನ ಮುಖ, ಕೊರಳಲ್ಲಿ ಶಾಲು, ಕೂದಲಲ್ಲಿ ಕಟೌಟ್‌ಗೆ ಎರಚಿದ ಹಾಲು. “ಬೆಂಕಿ ಅಣ್ಣ, ಬೆಂಕಿ! ಇಂಟರ್ವಲ್ ಬ್ಲಾಕ್‌ಗೆ ಮೈ ಜುಮ್ ಅಂತು! ಬಿಜಿಎಂ ಬೇರೆ ಲೆವೆಲ್! ಬಾಸ್ ಎಂಟ್ರಿಗೆ ಕೊಟ್ಟ ದುಡ್ಡು ವಸೂಲ್! ನೂರು ದಿನ ಬರೆದಿಟ್ಕೊಳ್ಳಿ!” ಸುತ್ತಲೂ ಶಿಳ್ಳೆ. ಕ್ಯಾಮೆರಾ ಹುಡುಗರ ಮುಖ ಅರಳಿತು. ನಾನು ಮೆಲ್ಲಗೆ ಕೇಳಿದೆ, “ಎಲ್ಲಿ ಕೂತಿದ್ರಿ ತಮ್ಮ, ಬಾಲ್ಕನೀಲಾ?” ಅವನು ಅಷ್ಟೇ ಮೆಲ್ಲಗೆ ಹೇಳಿದ, “ಇಲ್ಲ ಸರ್, ನಂದು ಮುಂದಿನ ಶೋ. ಈಗ ಒಳಗೆ ಹೋಗ್ಬೇಕು.”

ಇದನ್ನು ತಮಾಷೆ ಅಂದುಕೊಳ್ಳಬೇಡಿ. ಈ ಹುಡುಗನಲ್ಲಿ ಒಂದು ಪ್ರಾಮಾಣಿಕತೆ ಇದೆ. ಟೀಸರ್ ಬಂದ ದಿನವೇ ಅವನ ಅಭಿಪ್ರಾಯ ತಯಾರಾಗಿತ್ತು. ಅಭಿಪ್ರಾಯಕ್ಕೂ ಸಿನಿಮಾಗೂ ಏನು ಸಂಬಂಧ ಹೇಳಿ? ಸುಮ್ನೆ ಎರಡೂವರೆ ಗಂಟೆ ಒಳಗೆ ಕೂತು, ಇದ್ದ ಅಭಿಪ್ರಾಯವನ್ನು ಹಾಳು ಮಾಡಿಕೊಳ್ಳುವುದು ದಡ್ಡತನ ಅಲ್ವಾ?

ಒಳಗೆ ಹೋಗಿ ನೋಡಿದವರ ಮಾತೂ ಒಂದೇ ಅಚ್ಚಿನದು. “ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು.” ಸಿನಿಮಾ ಅಂದರೆ ನಮಗೆ ಹಲಸಿನ ಹಣ್ಣು. ಮೊದಲು ಎರಡು ಹೋಳು ಮಾಡಬೇಕು, ಆಮೇಲೆ ಮಾತು. ಈಗಂತೂ ಇಂಟರ್ವಲ್‌ನಲ್ಲಿ ಒಂದು ಕೈಯಲ್ಲಿ ಸಮೋಸ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಅರ್ಧ ಹೋಳಿನ ರಿವ್ಯೂ ಕೊಡುತ್ತಾರೆ. ಕಥೆ ಏನು ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಸ್ಪಾಯ್ಲರ್ ಅಂತೆ. ಕೆಲವು ಸಿನಿಮಾಗಳಲ್ಲಿ ಹೇಳೋಣ ಅಂದರೂ ಸಿಗುವುದಿಲ್ಲ, ಅದು ಬೇರೆ ಮಾತು. ಇನ್ನು “ಕ್ಯಾಮೆರಾ ವರ್ಕ್ ಚೆನ್ನಾಗಿದೆ” ಅಂದರೆ ಬೇರೇನೂ ಚೆನ್ನಾಗಿಲ್ಲ ಅಂತ. “ಹೊಸಬರ ಪ್ರಯತ್ನ, ಹರಸಿ” ಅಂದರೆ ಮಾತಾಡುತ್ತಿರುವವನು ನಾಯಕನ ಚಿಕ್ಕಪ್ಪನ ಮಗ.

ನನಗೆ ತುಂಬಾ ಇಷ್ಟವಾದದ್ದು “ಒಂದ್ಸಲ ನೋಡಬಹುದು” ಅನ್ನುವ ಮಾತು. ಯಾವ ಸಿನಿಮಾವನ್ನೂ ಮೊದಲು ಒಂದು ಸಲ ನೋಡದೆ ಎರಡನೇ ಸಲ ನೋಡುವ ದಾರಿ ಇಲ್ಲವಲ್ಲ! “ಈ ಸೇತುವೆ ಒಂದ್ಸಲ ದಾಟಬಹುದು” ಅಂತ ಲೋಕೋಪಯೋಗಿ ಇಲಾಖೆ ಬೋರ್ಡು ಹಾಕಿದರೆ ನೀವು ದಾಟುತ್ತೀರಾ?

ಮೊದಲೆಲ್ಲ ಜನ ಹಾಡು, ಫೈಟು, ಅಳು ಇವುಗಳ ಬಗ್ಗೆ ಮಾತಾಡುತ್ತಿದ್ದರು. ಈಗ ಟೀ ಅಂಗಡಿಯಲ್ಲಿ ಕೂತವರದ್ದೆಲ್ಲ ಕಲೆಕ್ಷನ್ ಮಾತು. “ಡೇ ಒನ್ ಹನ್ನೆರಡು ಕೋಟಿ ಮಗಾ.” “ಗ್ರಾಸ್ಸಾ, ನೆಟ್ಟಾ?” “ನೈಟ್ ಶೋ ಅಕ್ಯುಪೆನ್ಸಿ ನೋಡು ಮೊದ್ಲು.” ಭಾರತದಲ್ಲಿ ಥಿಯೇಟರ್ ಗಳಿಕೆಯ ಲೆಕ್ಕ ಕೊಡುವ ಅಧಿಕೃತ ವ್ಯವಸ್ಥೆಯೇ ಇಲ್ಲ. ಹಾಗಾಗಿ ಇಬ್ಬರದ್ದೂ ಸರಿ. ಅಂಗಡಿಯ ಅಣ್ಣ ಮಾತ್ರ ಇಬ್ಬರನ್ನೂ ನೋಡಿ, ಹೋದ ವಾರದ ಬಾಕಿ ನೂರ ನಲವತ್ತು ರೂಪಾಯಿ ನೆನಪಿಸುತ್ತಾರೆ. ಅದು ನೆಟ್ಟು.

ಡಾ. ರಾಜ್‌ಕುಮಾರ್ ಪ್ರೇಕ್ಷಕರನ್ನು ‘ಅಭಿಮಾನಿ ದೇವರು’ ಅಂತ ಕರೆದರು. ಆ ಕಾಲದ ದೇವರುಗಳು ಟೆಂಟಿನಲ್ಲಿ ಮರಳಿನ ಮೇಲೆ ಕೂತು, ಅತ್ತು, ಮನೆಗೆ ಹೋಗಿ ಮಲಗುತ್ತಿದ್ದರು. ಈಗಿನ ದೇವರುಗಳಿಗೆ ತಲಾ ಆರು ಫೇಕ್ ಅಕೌಂಟು. ಆಕಡೆ ದೇವರ ಹೀರೋನ ಸಿನಿಮಾ ಬಂದರೆ ಈಕಡೆ ದೇವರು ಬೆಳಗ್ಗೆ ಐದಕ್ಕೇ ಎದ್ದು, ಹಲ್ಲುಜ್ಜುವ ಮೊದಲೇ ರೇಟಿಂಗ್‌ನಲ್ಲಿ ಹತ್ತಕ್ಕೆ ಒಂದು ಒತ್ತುತ್ತಾರೆ. ಅದಕ್ಕೆ ಉತ್ತರವಾಗಿ ಆಕಡೆಯವರು ಹತ್ತಕ್ಕೆ ಹತ್ತು ಒತ್ತುತ್ತಾರೆ. ಸಿನಿಮಾ ಶುರುವಾಗುವುದು ಆರೂವರೆಗೆ. ನಿಜವಾಗಿ ನೋಡಿ ಬಂದು ಹತ್ತಕ್ಕೆ ಆರು ಕೊಟ್ಟವನನ್ನು ಎರಡೂ ಕಡೆಯವರು ಸೇರಿ ಬೈಯುತ್ತಾರೆ. ದೇವರುಗಳು ಒಂದಾಗುವುದು ಅಲ್ಲಿ ಮಾತ್ರ.

ನಿರ್ಮಾಪಕರ ಸಂಕಟ ಸುಳ್ಳೇನಲ್ಲ. ಆದರೆ ಅವರು ಕಂಡುಕೊಂಡ ದಾರಿ ನೋಡಿ. 2025ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಕನ್ನಡ ಸಿನಿಮಾ ಬಿಡುಗಡೆಯಾದಾಗ ಬುಕ್‌ಮೈಶೋದಲ್ಲಿ ಅಂಕ ಇರಬೇಕಾದ ಜಾಗದಲ್ಲಿ ಒಂದು ಸಾಲು ಇತ್ತು. ಕೋರ್ಟ್ ಆದೇಶದಂತೆ ರೇಟಿಂಗ್, ರಿವ್ಯೂ ಬಂದ್ ಮಾಡಲಾಗಿದೆ ಅಂತ. ಟಿಕೆಟ್ ಕೊಳ್ಳುವ ಗುಂಡಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹೋಟೆಲಿನಲ್ಲಿ ಬಿಲ್ಲು ಕೊಟ್ಟ ಮೇಲೆ ದೋಸೆ ಹೇಗಿತ್ತು ಅಂತ ಹೇಳುವ ಹಾಗಿಲ್ಲ, ಸ್ಟೇ ಇದೆ ಅಂದ ಹಾಗಾಯಿತು.

ಯಾರೆಂದೇ ಗೊತ್ತಿಲ್ಲದವರ ಮೇಲೆ ಕೋರ್ಟು ಕೊಡುವ ಆದೇಶಕ್ಕೆ ಹೊರದೇಶದಲ್ಲಿ ‘ಜಾನ್ ಡೋ’ ಆದೇಶ ಅನ್ನುತ್ತಾರೆ. ನಮ್ಮ ದೇಶದ ವಕೀಲರು ಅದನ್ನು ‘ಅಶೋಕ್ ಕುಮಾರ್’ ಆದೇಶ ಅಂತಲೂ ಕರೆಯುತ್ತಾರೆ. ಪೈರಸಿ ಮಾಡಿದವನೂ ಅಶೋಕ್ ಕುಮಾರ್, ಮುಖವಿಲ್ಲದೆ ಬೈದವನೂ ಅಶೋಕ್ ಕುಮಾರ್. ನಮ್ಮ ನಾಡಿನ ಅಸಲಿ ಅಶೋಕ್ ಕುಮಾರ್‌ಗಳು, ಪಾಪ, ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡು, ಸಿನಿಮಾ ನೋಡಿ, ಸುಮ್ಮನೆ ಮನೆಗೆ ಹೋಗುತ್ತಿದ್ದಾರೆ. ಅವರ ಹತ್ತಿರ ಯಾರೂ ಕ್ಷಮೆ ಕೇಳಿದ ಹಾಗಿಲ್ಲ.

ನೆರೆಯವರೂ ಹಿಂದೆ ಬಿದ್ದಿಲ್ಲ. ಕೇರಳ ಹೈಕೋರ್ಟಿನಲ್ಲಿ ಇಂಥದ್ದೇ ಒಂದು ಕೇಸಿಗೆ ನೇಮಕವಾದ ಅಮಿಕಸ್ ಕ್ಯೂರಿ, ಅಂದರೆ ಕೋರ್ಟಿಗೆ ನೆರವಾಗುವ ವಕೀಲರು, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿದ್ದರೆ ಒಳ್ಳೆಯದು ಅಂತ 2024ರಲ್ಲಿ ಸಲಹೆ ಕೊಟ್ಟರು. ಅದೇ ವರ್ಷ ತಮಿಳು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋಗಿ ಮೂರು ದಿನ ಕೇಳಿದರು. ಮೂರು ದಿನದ ಲೆಕ್ಕ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ಮೂರನೇ ದಿನಕ್ಕೇ ಹಾಲು ತುಪ್ಪ ಬಿಡುವುದು. ಬಹಳ ಸಿನಿಮಾಗಳಿಗೆ ಆಯಸ್ಸೂ ಅಷ್ಟೇ. ಅಲ್ಲಿಯವರೆಗೆ ಹೋದವರ ಬಗ್ಗೆ ಕೆಟ್ಟದ್ದು ಮಾತಾಡಬಾರದು.

ನಿಜ ಹೇಳಬೇಕೆಂದರೆ ಬಾಯಿಮಾತಿಗೆ ಬೇಲಿ ಹಾಕಲು ಆಗುವುದಿಲ್ಲ, ಅದನ್ನು ಬಾಡಿಗೆಗೆ ತರಲೂ ಆಗುವುದಿಲ್ಲ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದಾಗ ಪೋಸ್ಟರ್ ತುಂಬಾ ದೊಡ್ಡ ಸ್ಟಾರ್ ಮುಖ ಇರಲಿಲ್ಲ. ಕರಾವಳಿಯ ಒಂದು ಊರಿನ ಕಥೆ. ಶುಕ್ರವಾರಕ್ಕಿಂತ ಶನಿವಾರ ಜಾಸ್ತಿ ಜನ, ಶನಿವಾರಕ್ಕಿಂತ ಭಾನುವಾರ ಇನ್ನೂ ಜಾಸ್ತಿ. ನಮ್ಮ ಬೀದಿಯಲ್ಲಿ ಅದನ್ನು ನೋಡಿ ಬಂದವರು ಯಾರೂ ಬೆಂಕಿ, ಬಿರುಗಾಳಿ ಅನ್ನಲಿಲ್ಲ. “ನಕ್ಕು ನಕ್ಕು ಸಾಕಾಯ್ತು, ಹೋಗ್ ಬನ್ನಿ” ಅಂದರು. ಹೋಗಿ ಬಂದೆವು. ಅಷ್ಟೇ.

ಹೋಗಿ ಬರುವುದೂ ಅಗ್ಗದ ಕೆಲಸವಲ್ಲ, ಅದು ಇನ್ನೊಂದು ಗೋಳು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ಟಿಕೆಟ್ ದರ ಇರಬಾರದು ಅಂತ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ನಮ್ಮ ಖುಷಿಗೆ ಒಂದು ಸಿನಿಮಾದಷ್ಟೂ ಓಟ ಸಿಗಲಿಲ್ಲ. ನಾಲ್ಕು ಜನ ಮಾಲ್‌ಗೆ ಹೋಗಿ, ಟಿಕೆಟ್ಟು, ಪಾಪ್‌ಕಾರ್ನ್ ಎಲ್ಲ ಸೇರಿ ಸಾವಿರಗಟ್ಟಲೆ ಕೊಟ್ಟ ಮೇಲೆ “ಸಿನಿಮಾ ಚೆನ್ನಾಗಿಲ್ಲ” ಅನ್ನಲು ಗಂಡಸಿಗೆ ಧೈರ್ಯ ಸಾಲದು. ಕರೆದುಕೊಂಡು ಹೋದವನು ಅವನೇ. ಹಾಗಾಗಿ ಮಾಲ್‌ನಿಂದ ಬರುವ ವಿಮರ್ಶೆ ಯಾವಾಗಲೂ ಗೋಪುರದ ಥರ ಎತ್ತರ. ಮನೆಯಲ್ಲಿ ಓಟಿಟಿಯಲ್ಲಿ ನೋಡಿದವರದ್ದು ನೆಲಮಾಳಿಗೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಹಾಡು ಹಾರಿಸಿ, ನಡುವೆ ಹುರುಳಿಕಾಯಿ ಬಿಡಿಸಿ, ಕೊನೆಗೆ “ಎಮೋಷನ್ ಕನೆಕ್ಟ್ ಆಗ್ಲಿಲ್ಲ” ಅನ್ನುತ್ತಾರೆ.

ಸಂಜೆಗೆ ನನ್ನ ವಿಡಿಯೋ ಬಂತು. ಹೆಡ್ಡಿಂಗು: ‘ಸಿನಿಮಾ ನೋಡಿ ಗರಂ ಆದ ಅಂಕಲ್! ಹೇಳಿದ್ದೇನು?’ ಕೆಂಪು ಬಾಣವೊಂದು ನನ್ನ ಬೊಕ್ಕತಲೆಗೆ ಗುರಿಯಿಟ್ಟಿತ್ತು. ಹೇಳಿದ್ದು ಒಂದೇ ಪದ, ಅದೂ ಹಿಂದೆ ಗುಡುಗಿನ ಸದ್ದಿನ ಜೊತೆ ಮೂರು ಸಲ ತಿರುಗಿಸಿ ಹಾಕಿದ್ದರು. ಕೆಳಗೆ ಒಬ್ಬರು ಬರೆದಿದ್ದರು: “ಆಕಡೆಯವ್ರು ಎಷ್ಟು ಕೊಟ್ರು ಅಂಕಲ್?” ಇನ್ನೊಬ್ಬರು: “ಪೇಡ್ ಪಾಸಿಟಿವ್ ರಿವ್ಯೂ, ನಂಬಬೇಡಿ.” ಮೂರನೆಯವರು: “ಕನ್ನಡ ಸಿನಿಮಾ ಬೆಳೆಯೋದು ಇಂಥವರಿಗೆ ಇಷ್ಟ ಇಲ್ಲ.” ಮೂರೂ ಒಂದೇ ‘ಪರವಾಗಿಲ್ಲ’ಕ್ಕೆ.

ರಾತ್ರಿ ತುಮಕೂರಿನಿಂದ ಹೆಂಡತಿಯ ತಮ್ಮನ ಫೋನ್.

“ಭಾವ, ನಿಮ್ಮ ವಿಡಿಯೋ ನೋಡ್ದೆ. ಸಖತ್ ಓಡ್ತಿದೆ.”

“ಹ್ಞೂಂ ಕಣೋ.”

“ಅದಿರ್ಲಿ, ನಾಳೆ ಇವಳನ್ನ ಕರ್ಕೊಂಡು ಹೋಗೋಣ ಅಂತಿದ್ದೆ. ಪಿಚ್ಚರ್ ನಿಜವಾಗ್ಲೂ ಹೇಗಿದೆ?”

“ಪರವಾಗಿಲ್ಲ.”

“ಓ, ಹಂಗಾ” ಅಂದ. “ಸರಿ ಬಿಡಿ, ಓಟಿಟಿಗೆ ಬಂದಾಗ ನೋಡ್ಕೋತೀನಿ.”