ಬಸ್ಸಿನ ಮೀಟರು, ವಿಮಾನದ ಮೀಟರು

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಳೆದ ವಾರ ಎದ್ದು ನಿಂತು ಕೇಳಿದಳು: "ಟೀಚರ್, ನಾನು ಬರುವ ಬಸ್ಸಿನಲ್ಲಿ ಒಂದು ಮೀಟರೂ ಸರಿ ಇಲ್ಲ. ಸ್ಪೀಡಿನ ಮುಳ್ಳು ಸೊನ್ನೆ ಬಿಟ್ಟು ಏಳುವುದೇ ಇಲ್ಲ. ಆದರೂ ಬಸ್ಸು ದಿನಾ ಕುಂಬಳೆಗೆ ಹೋಗಿ ಬರುತ್ತದೆ. ವಿಮಾನ ಮಾತ್ರ ಒಂದು ಮೀಟರ್ ಕೆಟ್ಟರೆ ಯಾಕೆ ಬೀಳಬೇಕು?"

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರಶ್ನೆ ಪಾಠದೊಳಗಿನದಲ್ಲ, ಆದರೆ ನನ್ನನ್ನು ಎರಡು ವರ್ಷಗಳಿಂದ ಕಾಡುತ್ತಿರುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಅವನ ತಂದೆ ಅಡಿಕೆ ತೋಟವನ್ನು ಅಡವಿಟ್ಟು ಕಳುಹಿಸಿದ್ದಾರೆ. ಅವನು ಹೋದ ದಿನದಿಂದ ಸಣ್ಣ ವಿಮಾನ ಬಿದ್ದ ಸುದ್ದಿ ಎಲ್ಲಿ ಕಂಡರೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಆ ಕೊನೆಯ ಸಾಲಿನಲ್ಲಿ ಹೆಚ್ಚಾಗಿ ಇರುವುದು "ತಾಂತ್ರಿಕ ದೋಷ" ಅಥವಾ "ಪೈಲಟ್‌ನ ತಪ್ಪು". ರಾತ್ರಿಯ ಅಪಘಾತಗಳ ಮಟ್ಟಿಗೆ ಈ ಎರಡರಲ್ಲಿ ಒಂದನ್ನು ಆರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದು ನನಗೆ ಖಚಿತವಾಗಿದೆ. ಯಾಕೆಂದು ಹೇಳುತ್ತೇನೆ.

ಹುಡುಗಿಗೆ ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ. ಕಂಪ್ಯೂಟರ್ ಕೋಣೆಯಿಂದ ತಿರುಗುವ ಕುರ್ಚಿ ತರಿಸಿ, ಅದರಲ್ಲಿ ಅವಳನ್ನೇ ಕೂರಿಸಿ, ಬೈರಾಸಿನಿಂದ ಕಣ್ಣು ಕಟ್ಟಿ, ಕಾಲನ್ನು ನೆಲಕ್ಕೆ ತಾಗಿಸದೆ ಎತ್ತಿಕೊಳ್ಳಲು ಹೇಳಿದೆ. ಯಾವ ಕಡೆಗೆ ತಿರುಗುತ್ತಿದ್ದೇನೆ ಎನಿಸುತ್ತದೋ ಆ ಕಡೆಗೆ ಹೆಬ್ಬೆರಳು ತೋರಿಸಬೇಕು. ನಿಧಾನವಾಗಿ ಬಲಕ್ಕೆ ತಿರುಗಿಸಿದೆ; ಬೆರಳು ಬಲಕ್ಕೆ ಹೋಯಿತು. ಒಂದೇ ವೇಗದಲ್ಲಿ ತಿರುಗಿಸುತ್ತಲೇ ಇದ್ದೆ. ಸುಮಾರು 20 ಸೆಕೆಂಡು ಕಳೆಯುವಷ್ಟರಲ್ಲಿ ಬೆರಳು ಮೆಲ್ಲನೆ ನಡುವಿಗೆ ಬಂದು ನಿಂತಿತು. "ಈಗ ನಿಂತಿತು ಟೀಚರ್" ಎಂದಳು. ಕುರ್ಚಿ ಇನ್ನೂ ತಿರುಗುತ್ತಿತ್ತು. ಆಮೇಲೆ ನಿಜವಾಗಿ ನಿಲ್ಲಿಸಿದೆ. ಬೆರಳು ತಟ್ಟನೆ ಎಡಕ್ಕೆ ಹೊರಳಿತು: "ಅಯ್ಯೋ, ಈ ಕಡೆ ಯಾಕೆ ತಿರುಗಿಸುತ್ತೀರಿ?" ಎಂದು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಡೀ ತರಗತಿ ನಕ್ಕಿತು. ಬೈರಾಸು ಬಿಚ್ಚಿದಾಗ ಅವಳ ಮುಖದಲ್ಲಿ ನಗುವಿರಲಿಲ್ಲ, ಹೆದರಿಕೆ ಇತ್ತು.

ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಲು ಆರಂಭಿಸಿದಾಗ ದ್ರವ ಹಿಂದುಳಿಯುತ್ತದೆ. ಆ ಹಿಂದುಳಿಯುವಿಕೆಯೇ ನಮಗೆ ತಿರುಗುವಿಕೆಯಾಗಿ ತಿಳಿಯುವುದು. ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ದ್ರವವೂ ನಾಳದ ಜೊತೆಗೆ ಓಡತೊಡಗುತ್ತದೆ, ಕಿವಿ ಸುಮ್ಮನಾಗುತ್ತದೆ. ಬಸ್ಸಿನ ಚಾಲಕನಿಗೆ ಇದರಿಂದ ತೊಂದರೆಯಿಲ್ಲ. ಅವನ ಚಕ್ರದ ಕೆಳಗೆ ರಸ್ತೆ ಇದೆ, ಕಣ್ಣ ಮುಂದೆ ಹೆಡ್‌ಲೈಟಿನ ಬೆಳಕಿದೆ. ಹಗಲು ಹಾರುವ ಪೈಲಟ್‌ಗೆ ಭೂಮಿ ಆಕಾಶ ಕೂಡುವ ಗೆರೆ ಕಾಣುತ್ತದೆ. ಮೀಟರ್ ಏನೇ ಹೇಳಲಿ, ರೆಕ್ಕೆ ವಾಲಿದ್ದು ಕಣ್ಣಿಗೆ ತಿಳಿಯುತ್ತದೆ. ರಾತ್ರಿ ಆ ಗೆರೆ ಇರುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕೋಯಿಪ್ಪಾಡಿ ಕಡಪ್ಪುರದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದವರಿಗೆ ಗೊತ್ತು. ಮೀನಿನ ದೋಣಿಗಳ ದೀಪಗಳು ದೂರದಲ್ಲಿ ಮಿನುಗುತ್ತವೆ, ಅವುಗಳ ಮೇಲೆ ನಕ್ಷತ್ರಗಳು. ಎಲ್ಲಿಗೆ ಕಡಲು ಮುಗಿದು ಎಲ್ಲಿಂದ ಬಾನು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿಲ್ಲ. ಅಲ್ಲಿ ನೆಲದ ಮೇಲೆ ನಿಂತ ನಾವು ಬೀಳುವುದಿಲ್ಲ, ಅಷ್ಟೇ. ಅದೇ ಕತ್ತಲೆಯಲ್ಲಿ ಹಾರುತ್ತಿರುವವನಿಗೆ ದೋಣಿಯ ದೀಪ ನಕ್ಷತ್ರವಾಗಿಯೂ ದೀಪಗಳ ಓರೆ ಸಾಲು ದಿಗಂತವಾಗಿಯೂ ಕಾಣುತ್ತದೆ. ಅವನಿಗೆ ನೆಚ್ಚಲು ಉಳಿಯುವುದು ಎದುರಿನ ಫಲಕದಲ್ಲಿರುವ, ಅಂಗೈಯಗಲದ ಒಂದು ಗುಂಡು ಉಪಕರಣ: ಮೇಲರ್ಧ ನೀಲಿ, ಕೆಳಗರ್ಧ ಕಂದು, ನಡುವೆ ಬಿಳಿ ಗೆರೆ. ಕೃತಕ ದಿಗಂತ.

ಹಳೆಯ ಮಾದರಿಯ ಸಣ್ಣ ವಿಮಾನಗಳಲ್ಲಿ ಇದರ ಒಳಗೆ ಒಂದು ಗೈರೋಸ್ಕೋಪ್ ಇರುತ್ತದೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬುಗುರಿ. ಎಂಜಿನ್ನಿಗೆ ಜೋಡಿಸಿದ ವ್ಯಾಕ್ಯೂಮ್ ಪಂಪು ಗಾಳಿಯನ್ನು ಎಳೆದು ಅದನ್ನು ತಿರುಗಿಸುತ್ತದೆ. ಪಂಪಿನ ಒಳಗಿನ ಎಸಳುಗಳು ಇಂಗಾಲದವು, ಎಣ್ಣೆಯಿಲ್ಲದೆ ಉಜ್ಜುತ್ತಾ ಸವೆಯುತ್ತವೆ. ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತವೆ. ಎಂಜಿನ್ನಿನ ಸದ್ದು ಬದಲಾಗುವುದಿಲ್ಲ, ವಿಮಾನ ಅಲುಗುವುದಿಲ್ಲ.

ನಿಜವಾದ ಅಪಾಯ ಇರುವುದು ಇಲ್ಲಿ. ಪಂಪು ನಿಂತ ಕೂಡಲೇ ಉಪಕರಣ ಸಾಯುವುದಿಲ್ಲ. ಬುಗುರಿ ತನ್ನ ಹಳೆಯ ಓಟದ ಬಲದಲ್ಲೇ ಇನ್ನೂ ಕೆಲವು ನಿಮಿಷ ತಿರುಗುತ್ತದೆ, ವೇಗ ಮೆಲ್ಲನೆ ಇಳಿದಂತೆ ಸೊರಗಿ ವಾಲತೊಡಗುತ್ತದೆ. ಅಂಗಳದಲ್ಲಿ ಬಿಟ್ಟ ಬುಗುರಿ ಬೀಳುವ ಮುನ್ನ ತೂರಾಡುತ್ತದಲ್ಲ, ಹಾಗೆ, ಆದರೆ ಕಣ್ಣಿಗೆ ತಿಳಿಯದಷ್ಟು ನಿಧಾನವಾಗಿ. ಬಿಳಿ ಗೆರೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಬಲಕ್ಕೆ ವಾಲಿದ್ದೇನೆ ಎಂದುಕೊಂಡ ಪೈಲಟ್ ಎಡಕ್ಕೆ ತುಸು ತಿರುಗಿಸುತ್ತಾನೆ. ಗೆರೆ ಮತ್ತಷ್ಟು ಓರೆಯಾಗುತ್ತದೆ, ಅವನು ಮತ್ತಷ್ಟು ತಿರುಗಿಸುತ್ತಾನೆ. ಈಗ ವಿಮಾನ ನಿಜವಾಗಿಯೂ ಎಡಕ್ಕೆ ವಾಲಿದೆ, ಉಪಕರಣ ನೇರವಾಗಿದೆ ಎನ್ನುತ್ತಿದೆ, ಕುರ್ಚಿಯ ಹುಡುಗಿಯ ಕಿವಿಯಂತೆ ಅವನ ಕಿವಿಯೂ ಹೌದು ಎನ್ನುತ್ತಿದೆ. ಮೂತಿ ತಗ್ಗುತ್ತದೆ, ವೇಗ ಏರುತ್ತದೆ. ಎತ್ತರ ಇಳಿಯುವುದನ್ನು ಕಂಡು ಅವನು ಹಿಡಿಕೆಯನ್ನು ತನ್ನ ಕಡೆಗೆ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆಯೇ ಹೊರತು ಎತ್ತರ ಸಿಗುವುದಿಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಯನ್ನು ಹೊರಗೇನೂ ಕಾಣದಂತೆ ಮಾಡಿ ಹಾರಿಸಿ ನೋಡಿದರು. ಇಪ್ಪತ್ತೂ ಮಂದಿಗೆ ವಿಮಾನ ಕೈತಪ್ಪಿತು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಅಲ್ಲಿ ಉಪಕರಣಗಳು ಕೆಟ್ಟಿರಲೂ ಇಲ್ಲ.

ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ನನ್ನ ಮನಸ್ಸಿನಿಂದ ಹೋಗದ ಘಟನೆ 2000ದ ಅಕ್ಟೋಬರ್ 16ರ ರಾತ್ರಿಯದು. ಅಮೆರಿಕದ ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹನ್ ಸೆಸ್ನಾ 335 ಎಂಬ ಸಣ್ಣ ವಿಮಾನದಲ್ಲಿ ಹೊರಟಿದ್ದರು. ಹಾರಿಸುತ್ತಿದ್ದವನು ಅವರ ಮಗ. ಮಳೆ, ಮೋಡ, ಕತ್ತಲೆ. ತನ್ನ ಎದುರಿನ ಕೃತಕ ದಿಗಂತ ಸರಿಯಿಲ್ಲ ಎಂಬುದು ಮಗನಿಗೆ ತಿಳಿಯಿತು, ಅದನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸಿಯೂ ಇದ್ದ. ಬಲಬದಿಯ ಸೀಟಿನ ಎದುರು ಇನ್ನೊಂದು ಉಪಕರಣವಿತ್ತು. ಅದನ್ನು ನೋಡಬೇಕಾದರೆ ಕತ್ತು ಹೊರಳಿಸಬೇಕು. ತಿರುಗುತ್ತಿರುವಾಗ ಹಾಗೆ ತಲೆ ಹೊರಳಿಸಿದರೆ ಒಳಕಿವಿಯ ಮೂರೂ ನಾಳಗಳು ಒಟ್ಟಿಗೆ ಕದಡುತ್ತವೆ. ವಿಮಾನದಲ್ಲಿದ್ದ ಮೂವರೂ ತೀರಿಕೊಂಡರು. ತನಿಖೆ ಮುಖ್ಯ ಕಾರಣವನ್ನು ಪೈಲಟ್‌ನ ಹೆಸರಿಗೆ ಬರೆಯಿತು: ದಿಕ್ಕುಗೆಟ್ಟು ವಿಮಾನದ ಹತೋಟಿ ಕಳೆದುಕೊಂಡದ್ದು. ಉಪಕರಣ ಕೆಟ್ಟದ್ದು ಮತ್ತು ಕೆಟ್ಟ ಹವಾಮಾನ ಪೂರಕ ಕಾರಣಗಳ ಸಾಲಿಗೆ ಹೋದವು.

ಕಾನೂನಿನ ಭಾಷೆಯಲ್ಲಿ ಅದು ಸರಿ ಇರಬಹುದು. ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ದೋಷವನ್ನು ಗುರುತಿಸಿದ್ದ, ಹೇಳಿದ್ದ, ಪರ್ಯಾಯವನ್ನೂ ಹುಡುಕಿಕೊಂಡಿದ್ದ. ಆ ಎರಡನೆಯ ಉಪಕರಣ ಒಂದು ಮೊಳ ಎಡಕ್ಕೆ, ಅವನ ಕಣ್ಣ ನೇರಕ್ಕೆ ಇದ್ದಿದ್ದರೆ? ಈ ಪ್ರಶ್ನೆ ಕೇಳದೆ "ಪೈಲಟ್‌ನ ತಪ್ಪು" ಎಂದು ಬರೆದರೆ ಮುಂದಿನ ವಿಮಾನದಲ್ಲೂ ಉಪಕರಣ ಅಲ್ಲೇ ಉಳಿಯುತ್ತದೆ.

ದೊಡ್ಡ ವಿಮಾನಗಳೂ ಇದರಿಂದ ಪಾರಾಗಿಲ್ಲ. 1978ರ ಜನವರಿ 1ರ ರಾತ್ರಿ ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 'ಎಂಪರರ್ ಅಶೋಕ' ಬಾಂದ್ರಾದ ಎದುರಿನ ಕಡಲಿಗೆ ಬಿತ್ತು, 213 ಮಂದಿ ಇಲ್ಲವಾದರು. ನೇರವಾಗಿದ್ದ ವಿಮಾನವನ್ನು ಕ್ಯಾಪ್ಟನ್ನರ ಉಪಕರಣ ಬಲಕ್ಕೆ ವಾಲಿದೆ ಎಂದು ತೋರಿಸಿತು, ಅವರು ಎಡಕ್ಕೆ ತಿರುಗಿಸುತ್ತಾ ಹೋದರು. ನೆಲ ಬಿಟ್ಟು 101 ಸೆಕೆಂಡಿಗೆ ಎಲ್ಲ ಮುಗಿಯಿತು. ಮುಂಬಯಿಯ ದೀಪಗಳು ಬೆನ್ನ ಹಿಂದೆ ಉಳಿದಿದ್ದವು, ಮುಂದೆ ಇದ್ದದ್ದು ನಮ್ಮ ಇದೇ ಅರಬ್ಬಿ ಕಡಲಿನ ಕತ್ತಲೆ. ಆ ಕಾಲದಲ್ಲಿ ನಮ್ಮೂರಿನಿಂದ ಗಲ್ಫಿಗೆ ಹೋಗುವವರು ಮೊದಲು ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಹಾಗಾಗಿ ಈ ಘಟನೆಯನ್ನು ಓದುವಾಗಲೆಲ್ಲ ಟ್ರಂಕು ಹೊತ್ತು ಹೋದ ನೆರೆಮನೆಯವರು ನೆನಪಾಗುತ್ತಾರೆ.

ಮಂಗಳೂರಿನ ದುರಂತವನ್ನು ಇದರ ಜೊತೆಗೆ ಸೇರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಆ ನೋವು ಇನ್ನೂ ಹಸಿಯಾಗಿದೆ. ಆದರೆ 2010ರ ಮೇ 22ರಂದು ಕೆಟ್ಟದ್ದು ಉಪಕರಣವಲ್ಲ. ಇಳಿಯುವ ಕ್ರಮ ತಪ್ಪಿದ ಮೇಲೂ ಮತ್ತೆ ಮೇಲೇರದೆ ಇಳಿಸಲು ಹೋದದ್ದು ಕಾರಣ ಎಂದು ತನಿಖೆ ಹೇಳಿತು. ಎಲ್ಲ ಅಪಘಾತವನ್ನೂ ಒಂದೇ ಚೀಲಕ್ಕೆ ತುಂಬಿದರೆ ಯಾವುದರಿಂದಲೂ ಏನೂ ಕಲಿತಂತಾಗುವುದಿಲ್ಲ.

ಕೃತಕ ದಿಗಂತವಲ್ಲದೆ ವೇಗ, ಎತ್ತರ ತೋರಿಸುವ ಉಪಕರಣಗಳೂ ಕೆಡುತ್ತವೆ. ಅವು ಹೊರಗಿನ ಗಾಳಿಯ ಒತ್ತಡದಿಂದ ನಡೆಯುತ್ತವೆ. ವೇಗದ ಉಪಕರಣಕ್ಕೆ ಗಾಳಿ ಒಳಬರುವ ಪಿಟಾಟ್ ನಳಿಗೆ ನಮ್ಮ ಕಿರುಬೆರಳಿನಷ್ಟು. ನಮ್ಮ ಪ್ರಯೋಗಾಲಯದ ಕಿಟಕಿಯ ಕೊಂಡಿ ಸಿಕ್ಕಿಸುವ ತೂತಿನಲ್ಲಿ ಕುಂಬಾರ ಹುಳು ಪ್ರತಿವರ್ಷ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದಿಂದ ರಾತ್ರಿ ಹೊರಟ ಬೋಯಿಂಗ್ 757ರ ನಳಿಗೆಯನ್ನು ಮುಚ್ಚಿದ್ದು ಇಂಥದೇ ಹುಳುವಿನ ಗೂಡಿರಬೇಕು ಎಂದು ತನಿಖೆ ಊಹಿಸಿತು. ಹಲವು ದಿನ ನಿಂತಿದ್ದ ವಿಮಾನದ ನಳಿಗೆಗೆ ಟೊಪ್ಪಿ ಹಾಕಿರಲಿಲ್ಲ. 189 ಜೀವಗಳು ಹೋದವು.

ಹೊಸ ವಿಮಾನಗಳಲ್ಲಿ ಬುಗುರಿಯೂ ಪಂಪೂ ಇಲ್ಲ, ಎಲ್ಲವೂ ಪರದೆಯ ಮೇಲೆ ಬರುತ್ತದೆ, ಇನ್ನೇನು ಭಯ ಎನ್ನುವವರಿದ್ದಾರೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಸಣ್ಣ ವಿಮಾನಗಳ ಲೆಕ್ಕ ಹಾಕಿದಾಗ ಪರದೆಯ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆ ಇತ್ತು, ಪ್ರಾಣಹಾನಿಯ ಅಪಘಾತದ ಪ್ರಮಾಣ ಹೆಚ್ಚಿತ್ತು. ಪರದೆಯೂ ಕೆಡಬಹುದು, ಕೆಟ್ಟಾಗ ಏನು ಮಾಡಬೇಕೆಂದು ಕೈಗೆ ಅಭ್ಯಾಸ ಇರಬೇಕು.

ನನ್ನ ಒತ್ತಾಯ ಅಭ್ಯಾಸದ ಬಗ್ಗೆಯೇ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಿರಬೇಕು. ಅದರಲ್ಲಿ ಕಡ್ಡಾಯವಾದ ರಾತ್ರಿ ಹಾರಾಟ 5 ಗಂಟೆ. ಐದೇ ಗಂಟೆ! ಉಪಕರಣವೊಂದು ಸುಳ್ಳು ಹೇಳುತ್ತಿದೆ ಎಂದು ಅನುಮಾನ ಬಂದ ಕೂಡಲೇ ಅದರ ಮೇಲೊಂದು ಕಾಗದ ಅಂಟಿಸಿ ಮುಚ್ಚಿ, ಉಳಿದವುಗಳಿಂದ ವಿಮಾನವನ್ನು ನೇರ ಹಿಡಿಯುವುದನ್ನು ಕಲಿಸುತ್ತಾರೆ. ತಿರುವು ತೋರಿಸುವ ಉಪಕರಣ ಸಾಮಾನ್ಯವಾಗಿ ವಿದ್ಯುತ್ತಿನಿಂದ ನಡೆಯುವುದು ಇದಕ್ಕಾಗಿಯೇ, ಪಂಪು ಸತ್ತರೂ ಅದು ಬದುಕಿರಲಿ ಎಂದು. ಆದರೆ ಒಮ್ಮೆ ಕಲಿತು ಪರೀಕ್ಷೆ ಮುಗಿಸಿದ್ದು ಮೂರು ವರ್ಷಗಳ ನಂತರ ಮೋಡದ ರಾತ್ರಿಯಲ್ಲಿ ಕೈಗೆ ಬರುತ್ತದೆಯೇ? ಆಗಾಗ ಮತ್ತೆ ಮತ್ತೆ ಮಾಡಿಸಬೇಕು. ಬೇರೆ ಶಕ್ತಿಮೂಲದಿಂದ ನಡೆಯುವ ಎರಡನೆಯ ಕೃತಕ ದಿಗಂತ, ಪೈಲಟ್‌ನ ಕಣ್ಣೆದುರಿಗೇ, ರಾತ್ರಿ ಹಾರುವ ಪ್ರತಿಯೊಂದು ಸಣ್ಣ ವಿಮಾನದಲ್ಲೂ ಇರಬೇಕು. ಇದಕ್ಕೆ ದುಡ್ಡು ಬೇಕು ಎಂಬುದು ನನಗೆ ಗೊತ್ತು. ನಮ್ಮ ಜಿಲ್ಲೆಯ ಪೆರಿಯದಲ್ಲಿ ಸಣ್ಣ ವಿಮಾನಗಳಿಗೆ ಏರ್‌ಸ್ಟ್ರಿಪ್ ಆಗಬೇಕೆಂಬ ಮಾತು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಆ ಚರ್ಚೆಯಲ್ಲಿ ಎಕರೆ ಎಷ್ಟು, ಪ್ರವಾಸಿಗರೆಷ್ಟು ಎಂಬುದರ ಜೊತೆಗೆ, ರಾತ್ರಿ ಪಶ್ಚಿಮಕ್ಕೆ ಏರಿದ ವಿಮಾನಕ್ಕೆ ಎದುರಾಗುವ ಕಪ್ಪು ಕಡಲಿನ ಮಾತೂ ಬರಲಿ.

ಮೊನ್ನೆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿ ಫೋನ್ ಮಾಡಿದಾಗ ಕುರ್ಚಿಯ ಕಥೆ ಹೇಳಿದೆ. ಅವನು ತನ್ನ ವಿಮಾನದ ಫಲಕದ ಚಿತ್ರ ಕಳುಹಿಸಿದ. ಪಂಪಿನ ಒತ್ತಡ ತೋರಿಸುವ ಮೀಟರ್ ಎಲ್ಲಿದೆ ಎಂದು ಕೇಳಿದೆ. ಅದೇ ಚಿತ್ರದ ಬಲಮೂಲೆಯಲ್ಲಿ, ನಾಣ್ಯದಷ್ಟು ಚಿಕ್ಕದೊಂದರ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಕಳುಹಿಸಿದ. "ಎಷ್ಟು ಸಲ ನೋಡುತ್ತೀಯಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹೊರಡುವ ಮುಂಚೆ ಒಮ್ಮೆ ನೋಡುತ್ತೇನೆ ಟೀಚರ್. ಮೇಲೆ ಹೋದ ಮೇಲೆ... ಇನ್ನು ನೋಡುತ್ತೇನೆ."

ಅವನ ಮೊದಲ ರಾತ್ರಿ ಹಾರಾಟ ಬರುವ ಗುರುವಾರ.