ಸತ್ಯಾಂಶ: ಜೆನ್ನರ್ ಮೊದಲ ಲಸಿಕೆ ಹಾಕಿದ್ದು ಮಗನಿಗಲ್ಲ
‘ಲೋಕಕ್ಕಾಗಿ ಹೆತ್ತ ಮಗನ ಮೇಲೆಯೇ ಸಿಡುಬಿನ ಲಸಿಕೆ ಪ್ರಯೋಗಿಸಿದ ತಂದೆ’ ಎಂಬ ಒಕ್ಕಣೆಯೊಂದಿಗೆ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಕಥೆ ಮನಕಲಕುವಂಥದ್ದೇ; ಆದರೆ ಹುಡುಗ ಬೇರೆ.

1796ರ ಮೇ 14ರಂದು ಇಂಗ್ಲೆಂಡಿನ ಬರ್ಕ್‌ಲಿಯಲ್ಲಿ ಜೆನ್ನರ್‌ಗೆ ತೋಳೊಡ್ಡಿದವನು ಎಂಟು ವರ್ಷದ ಜೇಮ್ಸ್ ಫಿಪ್ಸ್. ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬಾಕೆಯ ಕೈಯಲ್ಲಿ ಎದ್ದಿದ್ದ ಗೋಸಿಡುಬಿನ (ಹಸುಗಳಿಂದ ಬರುವ, ಸಿಡುಬಿಗಿಂತ ಸೌಮ್ಯವಾದ ರೋಗ) ಗುಳ್ಳೆಯಿಂದ ದ್ರವ ತೆಗೆದು, ಹುಡುಗನ ತೋಳಿನಲ್ಲಿ ಎರಡು ಸಣ್ಣ ಗೀರು ಎಳೆದು ಸೇರಿಸಿದರು. (ಇಂದಿನಂತೆ ಚರ್ಮದಡಿ ಚುಚ್ಚುವ ಸೂಜಿ ಆಗಿನ್ನೂ ಇರಲೇ ಇಲ್ಲ.) ಒಂಬತ್ತನೆಯ ದಿನ ಸ್ವಲ್ಪ ಚಳಿ, ತಲೆನೋವು, ಮರುದಿನ ಹುಡುಗ ಗೆಲುವಾಗಿದ್ದ. ಜುಲೈ 1ರಂದು ನಿಜವಾದ ಸಿಡುಬಿನ ಕೀವನ್ನೇ ಹಾಕಿದರೂ ರೋಗ ಬರಲಿಲ್ಲ.

ಮಗನ ಕಥೆಗೂ ಒಂದು ಎಳೆ ಇದೆ. 1789ರಲ್ಲಿ ಜೆನ್ನರ್ ತಮ್ಮ ಹಸುಗೂಸಿಗೆ ಹಂದಿ ಸಿಡುಬಿನ ದ್ರವ ಹಾಕಿದ್ದುಂಟು. ಅದು ಬೇರೆಯೇ ಪ್ರಯೋಗ. ಗೋಸಿಡುಬಿನ ವಿಷಯದಲ್ಲಿ ಜೆನ್ನರ್ ಮೊದಲಿಗರೂ ಅಲ್ಲ. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ಹೆಂಡತಿ ಮಕ್ಕಳಿಗೆ ಅದನ್ನು ಹಾಕಿದ್ದ. ಪರೀಕ್ಷಿಸಿ, ಬರೆದಿಟ್ಟು, 1798ರಲ್ಲಿ ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ್ದು ಜೆನ್ನರ್ ಹಿರಿಮೆ. ಕಂಡದ್ದನ್ನು ದಾಖಲಿಸುವ ಆ ಚಟ ಹಳೆಯದು: ಲಂಡನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಅವರನ್ನು ಸದಸ್ಯರಾಗಿ ಆರಿಸಿದ್ದು ಲಸಿಕೆಗಾಗಿ ಅಲ್ಲ, ಆಗಷ್ಟೇ ಹುಟ್ಟಿದ ಕುಕ್ಕೂ (ಕೋಗಿಲೆ ಜಾತಿಯ ಹಕ್ಕಿ) ಮರಿ ಗೂಡಿನ ಇತರ ಮೊಟ್ಟೆಗಳನ್ನು ಬೆನ್ನಿನಿಂದ ಹೊರದೂಡುತ್ತದೆ ಎಂದು ತೋರಿಸಿಕೊಟ್ಟದ್ದಕ್ಕಾಗಿ.